ಹುಲಿಕಲ್ಲವ್ವನಿಗೆ ಬಿಟ್ಟ ಸೈಕಲ್ಲು

ಹುಲಿಕಲ್ಲುಕೊಪ್ಪಲಿನ ಹಾಲಿನ ಡೇರಿಯ ಕಾರ್ಯದರ್ಶಿ ಮಂಚಯ್ಯನ ದೇಹ ಯಾವಾಗಲೂ ಒಂದು ಕಡೆ, ಮನಸ್ಸು ಮೂರು ಕಡೆ ಇರುತ್ತಿತ್ತು. ಊರು ಇದನ್ನು ಮಳೆ ಬಿಸಿಲನ್ನು ಒಪ್ಪಿಕೊಂಡ ಹಾಗೆ ಒಪ್ಪಿಕೊಂಡಿತ್ತು. ಒಮ್ಮೆ ಆತ ಕೆ.ಆರ್. ಪೇಟೆಯಲ್ಲಿ ನೆಂಟರ ಮದುವೆಯೆಂದು ಹೊರಟು, ನಾಗಮಂಗಲದ ಬಸ್ಸು ಹತ್ತಿ, ಇಳಿದ ಕೂಡಲೇ ಎದುರಿಗೆ ಕಂಡ ಚಪ್ಪರಕ್ಕೆ ನುಗ್ಗಿ, ಹೊಟ್ಟೆ ತುಂಬ ಉಂಡು, ಗುರುತೇ ಇಲ್ಲದ ಮದುಮಗನ ಕೈಗೆ ಗೋಡೆ ಗಡಿಯಾರ ಕೊಟ್ಟು, ಫೋಟೋಕ್ಕೂ ನಿಂತು ಬಂದಿದ್ದ. ಹೆಂಡತಿ ಪ್ರಮೀಳಾಗೆ "ಪಾಯಸ ಚೆನ್ನಾಗಿತ್ತು" ಎಂದು ವರದಿಯನ್ನೂ ಒಪ್ಪಿಸಿದ್ದ. ಇನ್ನೊಮ್ಮೆ ಹಾಲಿಗೆ ನೀರು ಬೆರೆತಿದೆಯೇ ಎಂದು ನೋಡುವ ಲ್ಯಾಕ್ಟೋಮೀಟರನ್ನು ತನ್ನ ಕಾಫಿ ಲೋಟಕ್ಕೆ ಇಳಿಬಿಟ್ಟು, "ನೀರು ಜಾಸ್ತಿ" ಎಂದು ಡೇರಿಗೆ ಹಾಲು ಹಾಕುವ ಸಿದ್ದಲಿಂಗಮ್ಮನ ಹೆಸರಿನ ಮುಂದೆ ಬರೆದಿದ್ದ. ಆಕೆ ಡೇರಿಯ ಮುಂದೆ ನಿಂತು ಒಂದು ಗಂಟೆ ಕಾಲ ಅವನ ವಂಶವನ್ನೇ ಕೊಂಡಾಡಿದ್ದಳು.

ದಿನಕ್ಕೆರಡು ಹೊತ್ತು, ಡೇರಿಯಿಂದ ಬಂದು ಊಟಕ್ಕೆ ಕೂತಾಗ, ಪ್ರಮೀಳಾ ಕೇಳುತ್ತಿದ್ದಳು: "ಬೀಗ ಆಕಿದ್ರಾ?"

"ಹಾಕ್ದೆ."

ಆಮೇಲೆ ಎರಡು ತುತ್ತು ಒಳಗೆ ಹೋಗುತ್ತಿತ್ತು. ಮೂರನೆಯದನ್ನು ತಟ್ಟೆಯಲ್ಲೇ ಬಿಟ್ಟು, ಎಂಜಲು ಕೈಯನ್ನು ಮೇಲೆತ್ತಿಕೊಂಡು, ಮಂಚಯ್ಯ ಬೀಗ ನೋಡಿಕೊಂಡು ಬರಲು ಓಡುತ್ತಿದ್ದ. ಪ್ರಮೀಳಾ ಅಷ್ಟರಲ್ಲಿ ಸಾರಿನ ಮೇಲೆ ತಟ್ಟೆ ಮುಚ್ಚಿರುತ್ತಿದ್ದಳು.

ಇಂಥ ಮನುಷ್ಯನಿಗೆ ಬೆಟ್ಟ ಹತ್ತುವ ಸೈಕಲ್ಲಿನ ಚಪಲ ಹತ್ತಿದ್ದು ಅವನ ಭಾವಮೈದುನನಿಂದ. ಪ್ರಮೀಳಾಳ ತಮ್ಮ ರಘುನಂದನ್ ಶ್ರೀರಂಗಪಟ್ಟಣದಲ್ಲಿ ಸರ್ಕಾರಿ ಗುಮಾಸ್ತ. ತೊಂಬತ್ತೈದರ ದೀಪಾವಳಿಗೆ ಅವನು ಅಲ್ಲಿನ ಗಂಜಾಂನಿಂದ ಹೊಸ ಸ್ಕೂಟರಿನಲ್ಲಿ ಬಂದಿಳಿದ. ಕಪ್ಪು ಕನ್ನಡಕ ತೆಗೆದು, ಗೋಡೆಗೊರಗಿದ್ದ ಮಂಚಯ್ಯನ ಹಳೇ ಸೈಕಲ್ಲನ್ನು ಮೇಲಿಂದ ಕೆಳಗೆ ನೋಡಿ, "ಏನ್ ಭಾವ, ಇನ್ನೂ ನಿಮ್ಮ ತಾತನ ಕಾಲದ್ರಲ್ಲೇ ತಿರುಗ್ತಿದ್ದೀರಾ?" ಎಂದ. ಅದು ನಿಜವಾಗಿಯೂ ತಾತನದೇ ಆಗಿದ್ದರಿಂದ ಮಂಚಯ್ಯನಿಗೆ ಉತ್ತರ ಹೊಳೆಯಲಿಲ್ಲ. ಉತ್ತರ ಒಂದೂವರೆ ತಿಂಗಳು ಬಿಟ್ಟು ಪಾಂಡವಪುರದ ಯಾಸಿನ್‌ನ ಸೈಕಲ್ ಶಾಪಿನಲ್ಲಿ ಹೊಳೆಯಿತು. ಯಾಸಿನ್ ಮೈಸೂರಿನಿಂದ ಆಗಷ್ಟೇ ತರಿಸಿದ್ದ ಗೇರ್ ಸೈಕಲ್ಲೊಂದು ಅಲ್ಲಿ ಕೆಂಪಗೆ ನಿಂತಿತ್ತು. ಹದಿನೆಂಟು ಗೇರು, ಗುಬ್ಬುಗುಬ್ಬಾದ ದಪ್ಪ ಟೈರು. ಅದರ ಮೇಲೆ ಕೂತು ಬೆಟ್ಟದ ಕಲ್ಲುಗಳ ಮೇಲೆಯೇ ಇಳಿಯಬಹುದು ಎಂದ ಯಾಸಿನ್.

ಊರಿಗೆ ಸೈಕಲ್ಲು ಬಂದ ದಿನ ಡೇರಿಯ ಮುಂದಿನ ಸಾಲು ಚದುರಿ ಅದರ ಸುತ್ತ ನಿಂತಿತು.

"ಬೆಲ್ಲೆಲ್ಲಿ?" ಎಂದರು ಒಬ್ಬರು.

"ಇದಕ್ಕಿಲ್ಲ."

"ಮಡ್‌ಗಾರ್ಡು?"

"ಇದಕ್ಕಿರಲ್ಲ."

ಸಿದ್ದಲಿಂಗಮ್ಮ ಸೊಂಟದ ಮೇಲೆ ಕೈಯಿಟ್ಟು, "ಅಯ್ಯೋ ಮಂಚಯ್ಯ, ಅರ್ಧ ಸೈಕಲ್ಲ ತಂದ್ಬುಟ್ಟಿದ್ದೀಯಲ್ಲಪ್ಪಾ. ಮಿಕ್ಕಿದ್ದ ಯಾವಾಗ ಕೊಡ್ತಾರಂತೆ?" ಎಂದಳು. ಪ್ರಮೀಳಾ ಸೈಕಲ್ಲಿನ ಹಿಂಭಾಗಕ್ಕೆ ಹೋಗಿ ನಿಂತಳು. ಅಲ್ಲಿ ಕ್ಯಾರಿಯರ್ ಇರಬೇಕಾದ ಜಾಗದಲ್ಲಿ ಗಾಳಿ ಇತ್ತು. "ನಾನೆಲ್ಲಿ ಕೂತ್ಕಳ್ಳಲಿ?" ಎಂದಳು. ಸೈಕಲ್ಲು ಕೊಳ್ಳುವಾಗ ಮಂಚಯ್ಯ ಈ ಪ್ರಶ್ನೆಯನ್ನು ಯೋಚಿಸಿರಲಿಲ್ಲ.

ಅವತ್ತೇ ಅವನ ಬಾಯಿಂದ ಆ ಮಾತು ಬಿದ್ದದ್ದು. ರಘುನಂದನ್ ಕೂಡ ಬಂದಿದ್ದ, ನಗುತ್ತಿದ್ದ. ಅವನ ನಗು ನೋಡಿ ಮಂಚಯ್ಯ, ಮೂವತ್ತು ಜನರ ಎದುರಿಗೆ, ಮುಂದಿನ ಭಾನುವಾರ ಹುಲಿಕಲ್ಲು ಗುಡ್ಡದ ಮೇಲಿನ ಹುಲಿಕಲ್ಲವ್ವನ ಗುಡಿಯಿಂದ ಕೆಳಗಿನ ಡಾಂಬರು ರಸ್ತೆಯವರೆಗೆ ಕಾಲು ನೆಲಕ್ಕೆ ಮುಟ್ಟಿಸದೆ ಇಳಿದು ತೋರಿಸುತ್ತೇನೆ ಎಂದುಬಿಟ್ಟ.

ಭಾನುವಾರ ಊರೆಲ್ಲ ಗುಡ್ಡದ ದಾರಿಯ ಎರಡು ಬದಿಗೂ ಸೇರಿತು. ಅಲ್ಲಿ ಜೀಪೊಂದು ಕಷ್ಟಪಟ್ಟು ಹತ್ತಬಹುದಾದ ಕಲ್ಲುದಾರಿ. ನಡೆದರೆ ಮುಕ್ಕಾಲು ಗಂಟೆ. ಮಂಚಯ್ಯ ಗುಡಿಗೆ ಕೈಮುಗಿದು ಹೊರಟ. ಮೊದಲ ತಿರುವಿನವರೆಗೆ ಎಲ್ಲವೂ ಗಂಭೀರವಾಗಿ ನಡೆಯಿತು. ಅಲ್ಲಿ ರಘುನಂದನ್ ನೋಡುತ್ತಿದ್ದಾನೆಯೇ ಎಂದು ಎಡಕ್ಕೆ ನೋಡಿದ. ಸೈಕಲ್ಲು ಎಡಕ್ಕೆ ಹೋಗಿ ಒಂದು ಲಂಟಾನ ಪೊದೆಯನ್ನು ಸವರಿತು. ಪ್ರಮೀಳಾ ಎಲ್ಲಿದ್ದಾಳೆ ಎಂದು ಬಲಕ್ಕೆ ನೋಡಿದ. ಸೈಕಲ್ಲು ಬಲಕ್ಕೆ ಬಂದು ಪೂಜಾರಿ ಕೆಂಪಣ್ಣನ ಪಂಚೆಯನ್ನು ಸವರಿತು. ಕೊನೆಯ ಇಳಿಜಾರಿನಲ್ಲಿ ಜನ ಕೇಕೆ ಹಾಕಿದಾಗ, ತನ್ನ ಹೆಸರು ಕೂಗಿದವರಾರು ಎಂದು ಹಿಂದಕ್ಕೇ ತಿರುಗಿದ.

ಕೆಳಗೆ ಡಾಂಬರು ರಸ್ತೆಯ ಮೇಲೆ ಸಿದ್ದಲಿಂಗಮ್ಮನ ಹುರುಳಿ ಇತ್ತು. ನಮ್ಮ ಕಡೆ ಹುರುಳಿ ಕಿತ್ತ ಮೇಲೆ ಗಿಡವನ್ನು ರಸ್ತೆಗೆ ಹರಡಿಬಿಡುತ್ತಾರೆ. ಹೋಗುವ ಬಸ್ಸು ಬರುವ ಲಾರಿಗಳು ತುಳಿದು ಕಾಳು ಬಿಡಿಸಿಕೊಡುತ್ತವೆ. ಸರ್ಕಾರ ರಸ್ತೆ ಹಾಕಿಸಿರುವುದೇ ಅದಕ್ಕೆ ಎಂದು ನಮ್ಮವರ ನಂಬಿಕೆ. ಒಣಗಿದ ಹುರುಳಿಯ ಮೇಲೆ ಎರಡು ಚಕ್ರ ನಿಲ್ಲುವುದಿಲ್ಲ. ಸೈಕಲ್ಲು ಒಂದು ದಿಕ್ಕಿಗೆ, ಮಂಚಯ್ಯ ಇನ್ನೊಂದು ದಿಕ್ಕಿಗೆ, ಅವನ ಎಡ ಹೆಗಲಿನ ಮೂಳೆ ಮೂರನೆಯ ದಿಕ್ಕಿಗೆ ಹೋದವು.

"ಅಯ್ಯೋ!" ಎಂದು ಎದೆ ಬಡಿದುಕೊಂಡು ಎಲ್ಲರಿಗಿಂತ ಮೊದಲು ಓಡಿಬಂದವಳು ಸಿದ್ದಲಿಂಗಮ್ಮ. "ನನ್ನ ಉರುಳಿ!"

ಟ್ರಾಕ್ಟರಿನ ಟ್ರೇಲರಿನಲ್ಲಿ ಮಲಗಿಸಿ ಪಾಂಡವಪುರದ ಆಸ್ಪತ್ರೆಗೆ ಹೊರಟರು. ಮಂಚಯ್ಯನ ತಲೆ ಪ್ರಮೀಳಾಳ ತೊಡೆಯ ಮೇಲಿತ್ತು. ಹಣೆಯಲ್ಲಿ ರಕ್ತ, ಕಣ್ಣು ಮುಚ್ಚಿದ್ದ. ಆತ ಬೀಳುವಾಗ ಎರಡನೇ ಗೇರಿನಲ್ಲಿದ್ದೆನೋ ಮೂರನೆಯದರಲ್ಲೋ ಎಂದು ಯೋಚಿಸುತ್ತಿದ್ದ, ಅಷ್ಟೇ. ಪ್ರಮೀಳಾಗೆ ಅದು ಹೇಗೆ ಗೊತ್ತಾಗಬೇಕು? ಹದಿನಾಲ್ಕು ವರ್ಷ ಸಂಸಾರ ಮಾಡಿದ ಗಂಡ ಮಾತಾಡದೆ ಮಲಗಿದ್ದಾನೆ. ಅವಳು ಗುಡ್ಡದ ಕಡೆ ತಿರುಗಿ, ಗಟ್ಟಿಯಾಗಿ, ಟ್ರೇಲರಿನಲ್ಲಿದ್ದ ಹನ್ನೆರಡು ಜನರೂ ಕೇಳುವಂತೆ ಕೂಗಿಕೊಂಡಳು:

"ಉಲಿಕಲ್ಲವ್ವಾ, ಇವರ ಉಳಿಸ್ಕೊಡವ್ವಾ! ಆ ದರಿದ್ರದ ಸೈಕಲ್ಲ ನಿನ್ ಪಾದಕ್ಕೇ ತಂದೊಪ್ಪಿಸ್ತೀನಿ!"

ಮಂಚಯ್ಯ ತಟ್ಟನೆ ಕಣ್ಣು ಬಿಟ್ಟ. ಹನ್ನೆರಡು ಜನ ಏಕಕಾಲಕ್ಕೆ "ಅವ್ವ ಕಣ್ ಬುಟ್ಲು!" ಎಂದರು. ಇನ್ನು ಹರಕೆ ಹಿಂದೆ ತೆಗೆದುಕೊಳ್ಳುವ ಮಾತೇ ಇರಲಿಲ್ಲ.

ಆಮೇಲೆ ಆರು ವಾರ ಮಂಚಯ್ಯ ಹೆಗಲಿಗೆ ಪಟ್ಟಿ ಕಟ್ಟಿಕೊಂಡು ಜಗಲಿಯ ಮಂಚದ ಮೇಲೆ ಮಲಗಿ, ಊರಿನ ಬ್ರೆಡ್ಡು ಮೂಸಂಬಿಗಳನ್ನು ಸ್ವೀಕರಿಸಿದ. ನೋಡಲು ಬಂದವರು ಬ್ರೆಡ್ಡಿನ ಜೊತೆ ಒಂದೊಂದು ಕಾರಣವನ್ನೂ ತಂದರು. ರಾಹುಕಾಲ ಎಂದರು. ಹೊಸ ಗಾಡಿಯ ಚಕ್ರಕ್ಕೆ ನಿಂಬೆಹಣ್ಣು ಕೊಟ್ಟಿಲ್ಲ ಎಂದರು. ಕೆಂಪು ಬಣ್ಣ ಆಗಿಬರುವುದಿಲ್ಲ ಎಂದರು. ಹಾಲು ಒಕ್ಕೂಟದ ಸೂಪರ್‌ವೈಸರು ರಜೆಯ ಅರ್ಜಿ ತುಂಬಿಸಿಕೊಳ್ಳಲು ಬಂದು, ಪೆನ್ನಿನ ಮುಚ್ಚಳ ತೆಗೆದು, "ಅಪಘಾತಕ್ಕೆ ಕಾರಣವಾದ ವಾಹನ?" ಎಂದು ಕೇಳಿದರು.

"ವಾಹನ ಅಲ್ಲ ಸಾರ್. ಹುರುಳಿ."

ಸೂಪರ್‌ವೈಸರು ಪೆನ್ನಿನ ಮುಚ್ಚಳ ಹಾಕಿ, ಒಳಗೆ ಹೋಗಿ ಪ್ರಮೀಳಾಳನ್ನು ಮೆಲ್ಲನೆ, "ತಲೆಗೂ ಪೆಟ್ಟು ಬಿದ್ದಿದೆಯಾ ಅಮ್ಮಾ?" ಎಂದು ವಿಚಾರಿಸಿದರು.

"ಇಲ್ಲ ಸಾರ್, ಮೊದಲಿಂದ್ಲೂ ಇಂಗೇಯ," ಎಂದಳು ಪ್ರಮೀಳಾ.

ಸೈಕಲ್ಲು ಕೊಟ್ಟಿಗೆಯಲ್ಲಿತ್ತು. ಈಗ ಅದು ಮೀಸಲು, ದೇವಿಯ ಪದಾರ್ಥ, ಯಾರೂ ಮುಟ್ಟುವಂತಿಲ್ಲ. ಪ್ರಮೀಳಾ ಅದರ ಹಿಡಿಗೆ ಅರಿಸಿನದ ಬಟ್ಟೆ ಸುತ್ತಿ, ಶಿವರಾತ್ರಿ ಕಳೆದ ಮೇಲಿನ ಮಂಗಳವಾರ ಒಪ್ಪಿಸುವುದೆಂದು ದಿನ ಗೊತ್ತು ಮಾಡಿದ್ದಳು. ಬೇಡ ಅನ್ನಲು ಬಿದ್ದ ಮಂಚಯ್ಯನಿಗೆ ಬಾಯಿ ಎಲ್ಲಿರುತ್ತದೆ? ಸೈಕಲ್ಲಿನ ಆಸೆ ಅವನಿಗೂ ಅರ್ಧ ಇಳಿದಿತ್ತು.

ಜನವರಿ ಕೊನೆಗೆ ಪಟ್ಟಿ ಬಿಚ್ಚಿದರು. ಅದೇ ವಾರ ಪೂಜಾರಿ ಕೆಂಪಣ್ಣ, ದೇವಿಗೆ ಬರಲಿರುವ ಆಸ್ತಿಯನ್ನು ಕಣ್ಣಾರೆ ನೋಡಿಹೋಗಲು ಬಂದ. ಕೊಟ್ಟಿಗೆಗೆ ಹೋದವನು ಕೆಂಡವಾಗಿ ಹೊರಗೆ ಬಂದ. ಟೈರು ಚಪ್ಪಟೆಯಾಗಿ ನೆಲಕ್ಕೆ ಕೂತಿತ್ತು, ಚೈನು ತುಕ್ಕು ಹಿಡಿದಿತ್ತು, ಸೀಟಿನ ಮೇಲೆ ಕೋಳಿಯೊಂದು ಸಂಸಾರ ಹೂಡಿತ್ತು.

"ಏನಮ್ಮಿ ಪ್ರಮೀಳಾ, ಅವ್ವಂಗೆ ಅರಕೆ ಟಗರು ಬುಟ್ರೆ ಕಟ್ಟಾಕಿ ಒಣಗಿಸಿ ತಂದ್ಕೊಡ್ತಾರಾ?"

"ಇಲ್ಲ ಕೆಂಪಣ್ಣ."

"ಮತ್ತೇನ್ ಮಾಡ್ತಾರೆ?"

"ಮೇಯಿಸ್ತಾರೆ."

"ಮೇಯ್ಸಿ, ಮೈ ತುಂಬ್ಸಿ, ಓಡಾಡ್ಸಿ ಕೊಡ್ತಾರೆ! ಇದೇನಿದು, ಸತ್ತೋದ ಸೈಕಲ್ಲ ಅವ್ವನ ತಲೆಗೆ ಕಟ್ಬೇಕು ಅಂತಿದ್ದೀಯಾ? ದಿನಾ ಗುಡ್ಡದ ಮೇಲೆ ಓಡಾಡ್ಬೇಕು ಇದು. ಅದೂ ಬೇರೆಯವ್ರು ಮುಟ್ಟಂಗಿಲ್ಲ. ಯಾರ ಜೀವಕ್ಕೆ ಅರಕೆ ಒತ್ತಿದ್ದೋ ಅವನೇ ಮೇಯಿಸ್ಬೇಕು."

ಪ್ರಮೀಳಾ ತಾನು ಕಟ್ಟಿದ ಹರಕೆಯಲ್ಲೇ ತಾನು ಸಿಕ್ಕಿಕೊಂಡಳು. ಸೈಕಲ್ಲನ್ನು ತೊಲಗಿಸಲು ದೇವಿಗೆ ಬಿಟ್ಟರೆ, ದೇವಿಯ ಹೆಸರಿನಲ್ಲೇ ಗಂಡ ಮತ್ತೆ ಅದರ ಮೇಲೆ ಕೂರಬೇಕಾಗಿ ಬಂತು. ಮಂಚಯ್ಯನಿಗೂ ಹೆದರಿಕೆ. ಆದರೆ ಇಬ್ಬರೂ ದೇವಿಗೆ ಅದಕ್ಕಿಂತ ಹೆಚ್ಚು ಹೆದರುತ್ತಿದ್ದರು.

ಪಾಂಡವಪುರದಲ್ಲಿ ಯಾಸಿನ್ ಚೈನಿಗೆ ಎಣ್ಣೆ ಬಿಟ್ಟು, ಗಾಳಿ ತುಂಬಿ, ಮಂಚಯ್ಯ ಬಿದ್ದ ಕಥೆಯನ್ನು ಪೂರ್ತಿ ಕೇಳಿದ. ಪೊದೆ, ಪಂಚೆ, ಹುರುಳಿ, ಒಂದನ್ನೂ ಬಿಡಲಿಲ್ಲ. ಕೊನೆಗೆ ಕೈ ಒರೆಸಿಕೊಳ್ಳುತ್ತ ನಕ್ಕ.

"ಅರೆ ಮಂಚಯ್ಯ ಭಾಯ್, ಸೈಕಲ್ದು ಏನೂ ತಪ್ಪಿಲ್ಲ. ನೀವು ಎಲ್ಲಿ ನೋಡಿದ್ರೋ ಪಾಪ ಅದು ಅಲ್ಲೇ ಹೋಗೈತೆ. ಭಾಮೈದನ್ನ ನೋಡಿದ್ರಿ, ಭಾಮೈದನ ಕಡೆ ಹೋಯ್ತು. ಕಲ್ಲು ಬಂದ್ರೆ ಕಲ್ಲು ನೋಡ್ಬ್ಯಾಡಿ, ಪಕ್ಕದಾಗೆ ಜಾಗ ಐತಲ್ಲ, ಅದು ನೋಡಿ. ಬಸ್, ಇಷ್ಟೇ. ಬಾಕಿ ಎಲ್ಲ ಮರ್ತುಬಿಡಿ."

"ಮರೆಯೋದು ನಂಗೆ ಕಷ್ಟ ಇಲ್ಲ," ಎಂದ ಮಂಚಯ್ಯ.

ಮರುದಿನ ಬೆಳಗಿನ ಹಾಲು ಮುಗಿಸಿ ಸೈಕಲ್ಲನ್ನು ಗುಡ್ಡಕ್ಕೆ ತಳ್ಳಿಕೊಂಡು ಹೋದ. ಯಾರೂ ನೋಡುತ್ತಿರಲಿಲ್ಲ. ಬ್ರೇಕು ಹಿಡಿದೇ ಹತ್ತು ಮಾರು ಇಳಿದ, ಬೀಳಲಿಲ್ಲ. ಮುಂದೆ ಒಂದು ಕಲ್ಲು ಬಂತು. ಅದನ್ನು ಬಿಟ್ಟು ಪಕ್ಕದ ಒಂದಡಿ ಮಣ್ಣನ್ನು ನೋಡಿದ. ಚಕ್ರ ಮಣ್ಣಿನ ಮೇಲೆಯೇ ಹೋಯಿತು. ಮುಂದಿನ ಕಲ್ಲು, ಮುಂದಿನ ಮಣ್ಣು. ತಿರುವು, ಕೊರಕಲು, ಬೇವಿನ ಬೇರು. ಡೇರಿ, ಬೀಗ, ಸೂಪರ್‌ವೈಸರು, ರಘುನಂದನ್‌ನ ಕಪ್ಪು ಕನ್ನಡಕ ಯಾವುದೂ ಅವನ ತಲೆಯೊಳಗೆ ಬರಲಿಲ್ಲ, ಬರಲು ಜಾಗವಿರಲಿಲ್ಲ. ಕೆಳಗೆ ಡಾಂಬರಿಗೆ ಬಂದು ನಿಂತಾಗ ಅವನಿಗೆ ಒಂದು ವಿಚಿತ್ರ ಅನುಭವವಾಯಿತು. ನಲವತ್ತು ವರ್ಷದಲ್ಲಿ ಮೊದಲ ಬಾರಿಗೆ, ಆರು ನಿಮಿಷ, ಅವನು ಪೂರ್ತಿಯಾಗಿ ಒಂದೇ ಕಡೆ ಇದ್ದ. ಅದು ಎಷ್ಟು ಹಿತವಾಗಿತ್ತೆಂದರೆ ಒಬ್ಬನೇ ನಿಂತು ಗಟ್ಟಿಯಾಗಿ ನಕ್ಕ. ಆಮೇಲೆ ಮತ್ತೆ ಗುಡ್ಡಕ್ಕೆ ತಳ್ಳಿದ.

ಎರಡು ವಾರದಲ್ಲಿ ದೇವಿಯ ಟಗರು ಚೆನ್ನಾಗಿ ಮೇಯಿತು. ಮಂಚಯ್ಯ ಬೆಳಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಗುಡ್ಡ ಇಳಿದ. ಗುಡ್ಡದಿಂದ ಬಂದ ಮೇಲೆ ಒಂದು ಗಂಟೆ ಅವನ ತಲೆ ತಿಳಿಯಾಗಿರುತ್ತಿತ್ತು. ಆ ಒಂದು ಗಂಟೆಯಲ್ಲಿ ತೆಗೆದ ಹಾಲಿನ ಪರೀಕ್ಷೆ ಎಷ್ಟು ಸರಿಯಾಗಿತ್ತೆಂದರೆ, ಇಪ್ಪತ್ತು ವರ್ಷದಿಂದ ಯಾರ ಕಣ್ಣಿಗೂ ಬೀಳದೆ ಹಾಲಿನೊಳಗೆ ಸೇರುತ್ತಿದ್ದ ನೀರು ಮೂರು ಮನೆಗಳಲ್ಲಿ ಸಿಕ್ಕಿಬಿತ್ತು. ಸಿದ್ದಲಿಂಗಮ್ಮನದು ಎರಡನೆಯ ಮನೆ. ಈ ಸಲ ಆಕೆ ವಂಶದ ವಿಚಾರ ಎತ್ತಲಿಲ್ಲ. ಸೈಕಲ್ಲಿಗೆ ಕೈಮುಗಿದು, "ಅವ್ವನೇ ಇವನ ಕಣ್ಣಾಗೆ ಕೂತವ್ಳೆ ಕಣ್ರಪ್ಪೋ" ಎಂದು ಸಾರಿಬಿಟ್ಟಳು.

ಅಲ್ಲಿಂದ ಸೈಕಲ್ಲಿನ ದೆಸೆ ತಿರುಗಿತು. ಜನ ಅದರ ಚಕ್ರಕ್ಕೆ ಕುಂಕುಮ ಇಟ್ಟರು. ಬಸುರಿಯೊಬ್ಬಳು ಅದರ ಸುತ್ತ ಮೂರು ಸುತ್ತು ಬಂದಳು. ಒಬ್ಬರು ಬ್ರೇಕಿಗೆ ಹಸಿರು ಬಳೆ ತೊಡಿಸಿದರು. ಬ್ರೇಕು ಹಿಡಿಯದೆ ಮಂಚಯ್ಯ ಆವತ್ತು ಕರಿಯಪ್ಪನ ಹುಲ್ಲಿನ ಮೆದೆಯೊಳಗೆ ಹೋಗಿ ನಿಂತ. ಕರಿಯಪ್ಪ ಬೈಯಲಿಲ್ಲ. ಮೆದೆಗೆ ಅವ್ವ ಬಂದುಹೋದಳೆಂದು ಹಣ್ಣುಕಾಯಿ ಮಾಡಿಸಿದ. ಕೊನೆಗೆ ಶ್ರೀರಂಗಪಟ್ಟಣದಿಂದ ರಘುನಂದನ್‌ನೇ ಬಂದ. ಕಪ್ಪು ಕನ್ನಡಕ ಜೇಬಿನಲ್ಲಿತ್ತು, ಕೈಯಲ್ಲಿ ತೆಂಗಿನಕಾಯಿ ಇತ್ತು. ಅವನನ್ನು ದೂರಕ್ಕೆಲ್ಲೋ ವರ್ಗ ಮಾಡುವ ಸುದ್ದಿ ಇತ್ತಂತೆ.

"ಭಾವ, ನನ್ನ ಸ್ಕೂಟರ್ ಕೀನ ನಿಮ್ಮ ಸೈಕಲ್ಲಿಗೆ ಒಂದ್ಸಲ ಮುಟ್ಸಿ ಕೊಡ್ತೀರಾ?"

"ತಾತನ ಕಾಲದ್ದು ಒಂದು ಐತೆ, ಅದಕ್ಕೆ ಮುಟ್ಸಲಾ?" ಎಂದ ಮಂಚಯ್ಯ. ಇದು ಅವನ ಜೀವಮಾನದಲ್ಲಿ ಸಮಯಕ್ಕೆ ಸರಿಯಾಗಿ ಹೊಳೆದ ಮೊದಲ ಉತ್ತರ.

ಆದರೆ ಒಳಗೊಳಗೆ ಅವನಿಗೆ ದುಃಖವಿತ್ತು. ಮಂಗಳವಾರ ಹತ್ತಿರ ಬರುತ್ತಿತ್ತು. ಹಿಂದೆ ಭಾವಮೈದುನನಿಗೆ ತೋರಿಸಲು ಬೇಕಾಗಿದ್ದ ಸೈಕಲ್ಲು ಈಗ ಅವನಿಗೇ ಬೇಕಾಗಿತ್ತು. ಗುಡಿಯ ಮೂಲೆಯಲ್ಲಿ ಎಣ್ಣೆಡಬ್ಬಿಗಳ ಪಕ್ಕ ಅದು ತುಕ್ಕು ಹಿಡಿಯುವುದನ್ನು ನೆನೆದರೆ ಅನ್ನ ಇಳಿಯುತ್ತಿರಲಿಲ್ಲ. ಸೋಮವಾರ ಊಟಕ್ಕೆ ಕೂತಾಗ ಮೆಲ್ಲನೆ ಬಾಯಿ ಬಿಟ್ಟ.

"ಪ್ರಮೀಳಾ, ಅವ್ವಂಗೆ ಒಂದು ಬೆಳ್ಳಿ ಸೈಕಲ್ಲು ಮಾಡ್ಸಿಕೊಟ್ರೆ? ಚಿಕ್ಕದು?"

ಪ್ರಮೀಳಾ ಸಾರಿನ ಸೌಟನ್ನು ಪಾತ್ರೆಯಲ್ಲೇ ಬಿಟ್ಟಳು. "ಟ್ರೇಲರಿನಾಗೆ ನಿಮ್ ತಲೆ ನನ್ ತೊಡೆ ಮೇಲಿತ್ತು. ನೀವು ಕಣ್ಣೇ ಬುಡ್ತಿರ್ಲಿಲ್ಲ. ನೀವು ಓಗ್ಬುಟ್ರೆ ನಾನು ಯಾರ್ನ ಬೀಗ ಆಕಿದ್ರಾ ಅಂತ ಕೇಳ್ಲಿ?" ಎಂದಳು. ಕಣ್ಣಲ್ಲಿ ನೀರು ತುಂಬಿತ್ತು. ಅಂದು ತಾನು ಗೇರಿನ ಬಗ್ಗೆ ಯೋಚಿಸುತ್ತಿದ್ದೆ ಎಂದು ಹೇಳುವುದು ಸರಿಯಲ್ಲ ಎಂದು ಮಂಚಯ್ಯನಿಗೆ ಎನ್ನಿಸಿತು. ತಟ್ಟೆಯಲ್ಲಿದ್ದದ್ದನ್ನೆಲ್ಲ ಉಂಡ. ಬೀಗ ನೋಡಲು ಎದ್ದುಹೋಗುವುದನ್ನೂ ಅಂದು ಮರೆತ.

ಮಂಗಳವಾರ ಮಧ್ಯಾಹ್ನ ಮೂರಕ್ಕೆ ಊರೆಲ್ಲ ಗುಡ್ಡದ ಮೇಲಿತ್ತು. ಸಂಜೆಯ ಹಾಲನ್ನು ಹೊತ್ತಿಗೆ ಮುಂಚೆಯೇ ಕರೆದು, ತಪ್ಪಲೆಗಳನ್ನು, ಕ್ಯಾನುಗಳನ್ನು ಡೇರಿಯ ಮುಂದೆ ಸಾಲಾಗಿ ಇಟ್ಟು, ಮೇಲೆ ಒದ್ದೆ ಬಟ್ಟೆ ಮುಚ್ಚಿ, ಸಾಲನ್ನು ಕಾಯಲು ಒಂದಿಬ್ಬರು ಮುದುಕಿಯರನ್ನು ಕೂರಿಸಿ ಬಂದಿದ್ದರು. ಐದೂವರೆಗೆ ಅಮೀರ್‌ನ ಹಾಲಿನ ವ್ಯಾನು ಬರುತ್ತದೆ. ಅಷ್ಟರೊಳಗೆ ಇಳಿದುಬಿಡಬಹುದೆಂದು ಲೆಕ್ಕ. ಹರಕೆ ಒಪ್ಪಿಸುವವನ ಮೈಮೇಲೆ ಅಂಗಿ ಇರಕೂಡದು. ಮಂಚಯ್ಯ ಅಂಗಿ ಕಳಚಿ ಗುಡಿಯ ಗೂಟಕ್ಕೆ ತಗುಲಿಹಾಕಿ, ಬರೀ ನಿಕ್ಕರಿನಲ್ಲಿ ಮೈಗೆ ಅರಿಸಿನ ಬಳಿಸಿಕೊಂಡು, ಸೈಕಲ್ಲನ್ನು ಹಿಡಿದು ದೇವಿಯ ಎದುರು ನಿಂತ. ಕೆಂಪಣ್ಣ ದೇವಿಯ ಎರಡು ಭುಜಕ್ಕೂ ಒಂದೊಂದು ದಾಸವಾಳ ಅಂಟಿಸಿ ಹಿಂದೆ ಸರಿದ.

"ಅವ್ವಾ, ಪ್ರಮೀಳಾನ ಅರಕೆ ನಿಂಗೆ ಒಪ್ಪಿಗೆ ಆಗಿದ್ರೆ ಬಲಗಡೆ ಊವ ಕೊಡು. ಇಲ್ದಿದ್ರೆ ಎಡಗಡೆ ಕೊಡು."

ದೇವಿ ಎರಡೂ ಕೊಡಲಿಲ್ಲ. ಕಾಲು ಗಂಟೆ ಆಯಿತು. ಅರ್ಧ ಗಂಟೆ ಆಯಿತು. ಕೆಂಪಣ್ಣ ಜಾಗಟೆ ಬಡಿದ. ಹೆಂಗಸರು ಸೋಬಾನೆ ಹೇಳಿದರು. ರಘುನಂದನ್ ಗುಟ್ಟಾಗಿ ತನ್ನ ವರ್ಗದ ವಿಚಾರವನ್ನೂ ಕೇಳಿ ಪ್ರಶ್ನೆಯನ್ನು ಗೊಂದಲಕ್ಕೆ ಹಾಕಿದ್ದಾನೆಂದು ಕೆಲವರು ಅವನ ಮೇಲೆ ಕಣ್ಣು ಬಿಟ್ಟರು. ಎರಡು ಗಂಟೆಯಾದರೂ ಹೂವು ಅಂಟಿಸಿದಲ್ಲೇ ಇತ್ತು.

ಆಗ ಗುಡ್ಡದ ಬುಡದಿಂದ ವ್ಯಾನಿನ ಹಾರನ್ನು ಉದ್ದಕ್ಕೆ ಕೇಳಿಸಿತು.

ಜಾಗಟೆ ನಿಂತಿತು. ಎಲ್ಲರೂ ಗುಡಿಯ ಹಿಂಬದಿಯ ಬಂಡೆಗೆ ಓಡಿ ಬಗ್ಗಿ ನೋಡಿದರು. ಡೇರಿಯ ಮುಂದೆ ವ್ಯಾನು ಬೆಂಕಿಪೊಟ್ಟಣದಷ್ಟು ಕಾಣುತ್ತಿತ್ತು. ಅಮೀರ್ ಎಂಥವನೆಂದು ಎಲ್ಲರಿಗೂ ಗೊತ್ತು. ಬೆಳ್ಳೂರು ಕ್ರಾಸಿನವರೆಗೂ ಅವನ ದಾರಿಯಲ್ಲಿ ಹನ್ನೊಂದು ಊರು. ಕಾಯುವುದು ಹತ್ತೇ ನಿಮಿಷ. ಸ್ವಂತ ಮಾವನ ಊರಿನ ಹಾಲನ್ನೇ ಒಮ್ಮೆ ಬಿಟ್ಟುಹೋದವನು. ಬಿಟ್ಟುಹೋದರೆ ಊರಿನ ಒಂದು ಹೊತ್ತಿನ ಹಾಲೆಲ್ಲ ಬೆಳಗಾಗುವುದರೊಳಗೆ ಒಡೆದು ಚರಂಡಿಗೆ.

"ಡೇರಿ ಬೀಗದ ಕೈ ಯಾರತ್ರ ಐತೆ?" ಎಂದು ಯಾರೋ ಕೂಗಿದರು. ಊರೆಲ್ಲ ತಿರುಗಿ ಅರಿಸಿನ ಬಳಿದುಕೊಂಡ ಮಂಚಯ್ಯನನ್ನು ನೋಡಿತು.

ನಡೆದರೆ ಮುಕ್ಕಾಲು ಗಂಟೆ, ಓಡಿದರೆ ಅರ್ಧ ಗಂಟೆ. ಮಂಚಯ್ಯನ ಕೈ ತಾನಾಗಿಯೇ ಸೈಕಲ್ಲಿನ ಹಿಡಿ ಒತ್ತಿತು. ಕೆಂಪಣ್ಣ ಅಡ್ಡ ಬಂದ.

"ಮುಟ್ಬ್ಯಾಡ ಕಣ್ಲಾ! ಗುಡಿ ಒಳೀಕ್ ಬಂದ ಮೇಲೆ ಅದು ಅವ್ವಂದು!"

"ಊವ ಬಿತ್ತಾ?" ಎಂದಳು ಪ್ರಮೀಳಾ.

"ಇನ್ನೂ ಇಲ್ಲ."

"ಊವ ಬಿದ್ದಿಲ್ಲ ಅಂದ್ರೆ ಅವ್ವ ಇನ್ನೂ ತಕೊಂಡಿಲ್ಲ. ಅವ್ವ ತಕೊಂಡಿಲ್ಲ ಅಂದ್ರೆ ಸೈಕಲ್ಲು ಇನ್ನೂ ನಮ್ದೇ." ಅವಳು ಗಂಡನ ಕಡೆ ತಿರುಗಿದಳು. ಮುಖ ಬಿಳಿಚಿತ್ತು, ದನಿ ಗಟ್ಟಿಯಾಗಿತ್ತು. "ಏರ್ರೀ! ಊರ್ ಆಲು ಕೆಟ್ಟೋಯ್ತದೆ. ಯಾರ್ನೂ ನೋಡ್ಬ್ಯಾಡಿ, ನನ್ನೂ ನೋಡ್ಬ್ಯಾಡಿ!"

ಮಂಚಯ್ಯ ಯಾರನ್ನೂ ನೋಡಲಿಲ್ಲ. ಊರೆಲ್ಲ ಬಂಡೆಯ ಮೇಲೆ ಸಾಲಾಗಿ ನಿಂತು ಅವನ ಹೆಸರು ಕೂಗಿತು, ಅವನಿಗೆ ಕೇಳಿಸಲಿಲ್ಲ. ಕಲ್ಲು ಬಂತು, ಪಕ್ಕದ ಮಣ್ಣು ನೋಡಿದ. ಬೇವಿನ ಬೇರಿನ ಮೇಲೆ ಸೈಕಲ್ಲು ನೆಗೆಯಿತು, ಅವನೂ ನೆಗೆದ, ಇಬ್ಬರೂ ಒಟ್ಟಿಗೇ ಕೆಳಗೆ ಬಂದರು. ಗಾಳಿಗೆ ಅರಿಸಿನ ಪುಡಿ ಹಾರಿತು. ಕೊನೆಯ ಇಳಿಜಾರಿನ ಕೆಳಗೆ, ಡಾಂಬರಿನ ಮೇಲೆ, ಈ ಸಲ ಸಿದ್ದಲಿಂಗಮ್ಮನ ರಾಗಿ ತೆನೆ ಹರಡಿತ್ತು. ಗುಡ್ಡಕ್ಕೆ ಹೋದರೆ ರಾಗಿ ಕಾಯುವವರಾರೆಂದು ಆಕೆ ಅಲ್ಲೇ ಕೂತಿದ್ದಳು. ಮಂಚಯ್ಯ ರಾಗಿಯನ್ನು ನೋಡಲಿಲ್ಲ. ಅದರಾಚೆಯ ರಸ್ತೆಯನ್ನು ನೋಡಿದ. ಸೈಕಲ್ಲು ರಾಗಿಯ ಮೇಲೆ ಗೆರೆ ಎಳೆದ ಹಾಗೆ ನೆಟ್ಟಗೆ ಹೋಯಿತು.

"ಲೇ ಮಂಚಯ್ಯ, ಚೆನ್ನಾಗ್ ತುಳೀತದೆ ಕಣ್ಲಾ ಅದು! ಇನ್ನೆರಡು ಸುತ್ತು ಒಡ್ದು ಓಗಪ್ಪಾ!" ಎಂದು ಸಿದ್ದಲಿಂಗಮ್ಮ ಹಿಂದಿನಿಂದ ಕೂಗಿದಳು.

ಡೇರಿಯ ಮುಂದೆ ಅಮೀರ್ ವ್ಯಾನಿನ ಎಂಜಿನ್ ಶುರು ಮಾಡಿದ್ದ. ಅಂಗಿಯಿಲ್ಲದ, ಹಳದಿ ಮೈಯ ಮನುಷ್ಯನೊಬ್ಬ ಧೂಳಿನೊಳಗಿಂದ ಬಂದು ನಿಂತದ್ದನ್ನು ನೋಡಿ, "ಯಾ ಅಲ್ಲಾ, ಕಾರ್ಯದರ್ಶಿ ಸಾಬ್!" ಎಂದು ಎಂಜಿನ್ ಆರಿಸಿ, ವ್ಯಾನಿನ ಹಿಂದಿನ ಬಾಗಿಲು ತೆಗೆಯಲು ಹೋದ.

ಮಂಚಯ್ಯ ಬಾಗಿಲಿಗೆ ಬಂದು, ಬೀಗದ ಕೈಗೆಂದು ಅಂಗಿಯ ಜೇಬಿಗೆ ಕೈಹಾಕಿದ. ಕೈ ಎದೆಯ ಅರಿಸಿನದ ಮೇಲೆ ಜಾರಿತು. ಜೇಬಿರಲಿಲ್ಲ. ಅಂಗಿಯಿರಲಿಲ್ಲ. ಅಂಗಿ ಗುಡ್ಡದ ಮೇಲಿನ ಗೂಟದಲ್ಲಿ, ಬೀಗದ ಕೈ ಅಂಗಿಯಲ್ಲಿ, ಮಂಚಯ್ಯ ಇಲ್ಲಿ.

ಹತಾಶನಾಗಿ ಬೀಗವನ್ನು ಹಿಡಿದು ಜಗ್ಗಿದ. ಅದು ಮರು ಮಾತಿಲ್ಲದೆ ಅವನ ಕೈಗೆ ಬಂತು. ಬೆಳಗ್ಗೆ ಹರಕೆಯ ಗಡಿಬಿಡಿಯಲ್ಲಿ ಅದನ್ನು ಚಿಲಕಕ್ಕೆ ಸಿಕ್ಕಿಸಿದವನು ಅದುಮುವುದನ್ನೇ ಮರೆತಿದ್ದ, ಆಮೇಲೆ ಓಡಿಬಂದು ನೋಡಿರಲೂ ಇಲ್ಲ. ಬಾಗಿಲು ಬೆಳಗಿನಿಂದ ತೆರೆದೇ ಇತ್ತು. ಅಮೀರ್ ಒಮ್ಮೆ ಕೈಯಿಟ್ಟು ನೋಡಿದ್ದರೆ ಸಾಕಿತ್ತು. ಅವನಿನ್ನೂ ವ್ಯಾನಿನ ಹಿಂದಿದ್ದ. ಮುದುಕಿಯರಿಗೆ ಕಣ್ಣು ಮಂಜು. ಮಂಚಯ್ಯ ಬೀಗವನ್ನು ನಿಕ್ಕರಿನ ಜೇಬಿಗೆ ಇಳಿಸಿ, ಒಳಗೆ ಹೋಗಿ, ಲ್ಯಾಕ್ಟೋಮೀಟರು ಕೈಗೆತ್ತಿಕೊಂಡ.

ಮುಕ್ಕಾಲು ಗಂಟೆಯ ಮೇಲೆ ಊರು ಏದುಸಿರು ಬಿಡುತ್ತ ಇಳಿದು ಬಂದಾಗ ವ್ಯಾನು ಹೋಗಿಯಾಗಿತ್ತು, ತಪ್ಪಲೆಗಳು ಖಾಲಿಯಾಗಿದ್ದವು. ಗುಡ್ಡದ ಮೇಲೆ ಇನ್ನೊಂದು ಜಗಳ ಹುಟ್ಟಿಕೊಂಡಿತ್ತು. ಎಲ್ಲರೂ ಬಂಡೆಯ ಮೇಲೆ ನಿಂತು ಸೈಕಲ್ಲನ್ನು ನೋಡುತ್ತಿದ್ದಾಗ, ಗುಡಿಯೊಳಗೆ ಹೂವು ಬಿದ್ದುಬಿಟ್ಟಿತ್ತು. ಬಲದ್ದೋ ಎಡದ್ದೋ ನೋಡಿದವರಿಲ್ಲ. ವಾಪಸು ಬಂದಾಗ ಎರಡು ದಾಸವಾಳವೂ ದೇವಿಯ ಪಾದದ ನಡುವೆ ಒಂದರ ಮೇಲೊಂದು ಬಿದ್ದಿದ್ದವು. ಕೆಂಪಣ್ಣ ದಾರಿಯುದ್ದಕ್ಕೂ ಯೋಚಿಸಿ, ಊರಿನ ಮುಂದೆ ತೀರ್ಪು ಕೊಟ್ಟ: ಸೈಕಲ್ಲು ಅವ್ವನದೇ; ಆದರೆ ಅದನ್ನು ದಿನಾ ಮೇಯಿಸುವ ಕೆಲಸ ಮಂಚಯ್ಯನದು, ಅವನು ಬದುಕಿರುವವರೆಗೆ.

ಜನ ಚದುರಿದ ಮೇಲೆ ಪ್ರಮೀಳಾ ಡೇರಿಯೊಳಗೆ ಬಂದಳು. ಒಂದು ಕೈಯಲ್ಲಿ ಅವನ ಅಂಗಿ, ಇನ್ನೊಂದು ಕೈಯಲ್ಲಿ ಬೀಗದ ಕೈ. ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಎಲ್ಲೂ ರಕ್ತ ಇರಲಿಲ್ಲ.

"ಬೀಗದ ಕೈ ಇಲ್ಲೈತೆ," ಎಂದಳು. "ಬೀಗ ಎಂಗ್ ತೆಗುದ್ರಿ?"

ಮಂಚಯ್ಯ ಬಾಯಿ ತೆರೆದ. ಹೊರಗೆ ಸಿದ್ದಲಿಂಗಮ್ಮ, ಅವ್ವನೇ ಬೀಗ ತೆಗೆದಳೆಂದು ಆಗಲೇ ಯಾರಿ‌ಗೋ ಹೇಳುತ್ತಿದ್ದುದು ಕೇಳಿಸಿತು. ಮಂಚಯ್ಯ ಬಾಯಿ ಮುಚ್ಚಿದ. ನಿಕ್ಕರಿನ ಜೇಬಿನಿಂದ ಬೀಗ ತೆಗೆದು ಹೆಂಡತಿಯ ಎದುರು ಮೇಜಿನ ಮೇಲಿಟ್ಟ.

ಪ್ರಮೀಳಾ ಬೀಗವನ್ನು ನೋಡಿದಳು. ಒಡೆದಿರಲಿಲ್ಲ, ಗೀರೂ ಇರಲಿಲ್ಲ. ಹದಿನಾಲ್ಕು ವರ್ಷದ ಸಂಸಾರ; ಅವಳಿಗೆ ಇನ್ನೇನೂ ಹೇಳಬೇಕಾಗಿರಲಿಲ್ಲ. ಸೆರಗು ಬಾಯಿಗೆ ಅಡ್ಡ ಹಿಡಿದು ನಗತೊಡಗಿದವಳು, ನಕ್ಕು ನಕ್ಕು ಹಾಲಿನ ಕ್ಯಾನಿನ ಮೇಲೆಯೇ ಕೂತುಬಿಟ್ಟಳು. ಆಮೇಲೆ ಕಣ್ಣೊರೆಸಿಕೊಂಡು ಎದ್ದು, ಬೀಗವನ್ನೂ ಬೀಗದ ಕೈಯನ್ನೂ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ನಾಳೆಯಿಂದ ಬೀಗ ನಾನ್ ಆಕ್ತೀನಿ," ಎಂದಳು. "ನೀವು ಗುಡ್ಡ ಇಳೀರಿ."

ಬಾಗಿಲವರೆಗೆ ಹೋದವಳು ಗೋಡೆಗೊರಗಿದ್ದ ಕೆಂಪು ಸೈಕಲ್ಲಿನ ಹಿಂಭಾಗದಲ್ಲಿ ಒಂದು ಗಳಿಗೆ ನಿಂತಳು.

"ಯಾಸಿನ್‌ಗೆ ಏಳಿ, ಇದಕ್ಕೊಂದು ಕ್ಯಾರಿಯರ್ ಆಕ್ಲಿ."